ನಾಲ್ಕು ಕೇರಿಯ ಬಿಲ್ಲೆ

“ಉತ್ತರ ಸರಿಯಾಗಿರುವಾಗ ಹೆಜ್ಜೆಗಳನ್ನು ಯಾಕೆ ಬರೆಯಬೇಕು, ಗುರುಗಳೇ?”

ಕೇಳಿದವನು ಶಂಭುಲಿಂಗ. ಮಠದ ಪಾಠಶಾಲೆಯಲ್ಲಿ ಲೆಕ್ಕಕ್ಕೆ ಅವನನ್ನು ಮೀರಿಸುವವರಿರಲಿಲ್ಲ. ಅಂದು ಗುರುಗಳು ಕೊಟ್ಟ ಲೆಕ್ಕ ಸುಲಭದ್ದು. ಒಂದು ಸಂಖ್ಯೆಯನ್ನು ಮೂರರಿಂದ ಗುಣಿಸಿ ಐದು ಕೂಡಿಸಿದರೆ ಇಪ್ಪತ್ತಾರು ಬರುತ್ತದೆ. ಆ ಸಂಖ್ಯೆ ಯಾವುದು? ಉಳಿದವರು ಇನ್ನೂ ಪ್ರಶ್ನೆಯನ್ನೇ ಬರೆದುಕೊಳ್ಳುತ್ತಿದ್ದರು. ಶಂಭುಲಿಂಗ ಸ್ಲೇಟಿನ ಮೇಲೆ ‘ಏಳು’ ಎಂದು ಬರೆದು ಮುಂದಕ್ಕೆ ಚಾಚಿದ. ಗುರುಗಳು ಅದರ ಮೇಲೊಂದು ಅಡ್ಡಗೆರೆ ಎಳೆದು ಹಿಂದಕ್ಕೆ ಕೊಟ್ಟರು.

“ಏಳು ತಪ್ಪೇ?” ಎಂದ ಶಂಭುಲಿಂಗ.

“ತಪ್ಪಲ್ಲ.”

“ಮತ್ತೆ ಗೆರೆ ಯಾಕೆ? ಮೊದಲು ಐದು ಕಳೆಯುವುದು, ಆಮೇಲೆ ಮೂರರಿಂದ ಭಾಗಿಸುವುದು, ಇದೆಲ್ಲ ಮಂದಬುದ್ಧಿಯವರಿಗೆ. ನನಗೆ ಉತ್ತರ ಕಣ್ಣಿಗೇ ಕಾಣುತ್ತದೆ.”

ಗುರುಗಳು ಮೊದಲೇ ಸಿಟ್ಟಿನ ಮನುಷ್ಯರು. ಹೊದ್ದಿದ್ದ ಶಾಲನ್ನು ತೆಗೆದು ಪಕ್ಕಕ್ಕೆ ಇಟ್ಟರು. ಅವರು ಶಾಲು ತೆಗೆದರೆಂದರೆ ಅವತ್ತಿನ ಪಾಠ ಬೇಗ ಮುಗಿಯುವುದಿಲ್ಲ ಎಂಬುದು ಹುಡುಗರಿಗೆಲ್ಲ ಗೊತ್ತಿತ್ತು.

“ಈಗ ತಾನೇ ನಿನ್ನ ಪಕ್ಕದವನು, ಏಳು ಹೇಗೆ ಬಂತೋ ಅಂತ ಕೇಳಿದನಲ್ಲ. ಅವನಿಗೆ ಏನು ಹೇಳಿದೆ?”

“ಹೇಳಿದರೂ ನಿನಗೆ ತಿಳಿಯುವುದಿಲ್ಲ ಬಿಡು ಅಂದೆ.”

“ಅಂದೆಯಲ್ಲ! ನನ್ನ ಕಿವಿ ಇನ್ನೂ ನೆಟ್ಟಗಿದೆ ಕಣಯ್ಯಾ. ಆ ಮಾತು ಕೇಳಿಯೇ ಗೆರೆ ಎಳೆದೆ. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.”

ಹೀಗೆಂದು ಅವರು ಹೇಳಿದ ಕತೆ ಇದು.

ಒಂದು ಊರು. ಊರಿಗೊಂದು ದೊಡ್ಡ ಕೆರೆ. ಕೆರೆಯ ಏರಿಯ ಬುಡದಲ್ಲಿ ಒಂದು ತೂಬು. ಮಳೆಗಾಲ ಕಳೆದು ಕೆರೆ ತುಂಬಿದ ಮೇಲೆ ಯಾರಾದರೊಬ್ಬರು ನೀರಿನ ತಳಕ್ಕೆ ಮುಳುಗಿ ತೂಬಿನ ಬಿರಡೆ ಎತ್ತಬೇಕು. ಎತ್ತಿದರೆ ಗದ್ದೆಗೆ ನೀರು, ಎತ್ತದಿದ್ದರೆ ಏರಿಗೆ ಅಪಾಯ. ಕೆಲಸ ಒಂದು ಗಳಿಗೆಯದು. ಆದರೆ ಬಿರಡೆ ಮೇಲೆದ್ದ ಕೂಡಲೇ ನೀರು ತೂಬಿನೊಳಕ್ಕೆ ಸೆಳೆಯುತ್ತದೆ. ಪಕ್ಕಕ್ಕೆ ಸರಿಯುವುದು ತಡವಾದರೆ ಕೈಯೋ ಕಾಲೋ ಒಳಗೆ ಹೋಗುತ್ತದೆ, ಆಮೇಲೆ ಮನುಷ್ಯ ಮೇಲೆ ಬರುವುದಿಲ್ಲ. ಹಾಗೆ ಹೋದವರು ಆ ಊರಿನಲ್ಲಿ ಹಿಂದೆಯೂ ಇದ್ದರು.

ಬೇರೆ ಊರುಗಳಲ್ಲಿ ಇದಕ್ಕೆಂದೇ ಒಬ್ಬ ನೀರುಗಂಟಿ ಇರುತ್ತಾನೆ. ಈ ಊರಿನಲ್ಲಿ ಇರಲಿಲ್ಲ. ಕೆರೆ ಕಟ್ಟಿದ ಕಾಲದಲ್ಲಿ ನಾಲ್ಕು ಕೇರಿಯವರೂ ಸೇರಿ ಮಣ್ಣು ಹೊತ್ತಿದ್ದರು. ಆದ್ದರಿಂದ ತೂಬಿನ ಹೊಣೆಯೂ ನಾಲ್ಕು ಕೇರಿಗೂ ಸಮ ಎಂದು ಹಿರಿಯರು ಕಟ್ಟುಪಾಡು ಮಾಡಿದರು. ಮಡಕೆಯ ಚೂರನ್ನು ತೀಡಿ ದುಂಡಗೆ ನಾಲ್ಕು ಬಿಲ್ಲೆ ಮಾಡುವುದು, ಒಂದೊಂದರ ಮೇಲೆ ಒಂದೊಂದು ಕೇರಿಯ ಗುರುತು. ಅವನ್ನು ಗಡಿಗೆಯೊಳಗೆ ಹಾಕಿ ಅಲ್ಲಾಡಿಸಿ, ಕಣ್ಣು ಕಟ್ಟಿದ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಯಾವ ಕೇರಿಯ ಬಿಲ್ಲೆ ಬಂತೋ ಆ ಕೇರಿಯಲ್ಲಿ ಮನೆಗೊಂದು ಬಿಲ್ಲೆಯಂತೆ ಮತ್ತೆ ಗಡಿಗೆಗೆ ಹಾಕಿ ಎತ್ತುವುದು. ಯಾವ ಮನೆ ಬಂತೋ ಆ ಮನೆಯ ಗಂಡಸು ಆ ವರ್ಷ ತೂಬಿಗೆ ಇಳಿಯಬೇಕು.

ಹಿರಿಯರನ್ನು ಬೈಯಬೇಡ. ಅವರ ಕಾಲಕ್ಕೆ ಅದು ಸರಿಯಾದ ಕಟ್ಟುಪಾಡೇ. ಆಗ ಮೇಲುಕೇರಿಯಲ್ಲಿ ಇಪ್ಪತ್ತು ಮನೆ, ನಡುಕೇರಿಯಲ್ಲಿ ಇಪ್ಪತ್ತು, ಕೆಳಕೇರಿಯಲ್ಲಿ ಇಪ್ಪತ್ತು, ಕುಂಬಾರ ಕೇರಿಯಲ್ಲೂ ಇಪ್ಪತ್ತು. ಆಮೇಲೆ ಕಾಲ ಕಳೆದ ಹಾಗೆ ಆ ಊರಿನ ಜೇಡಿಮಣ್ಣು ತೀರಿತು. ಮಣ್ಣಿಲ್ಲದ ಕಡೆ ಕುಂಬಾರನಿಗೆ ಏನು ಕೆಲಸ? ಒಂದೊಂದೇ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಮಣ್ಣು ಸಿಗುವ ಊರಿಗೆ ಹೋದರು. ಕೊನೆಗೆ ಕುಂಬಾರ ಕೇರಿಯಲ್ಲಿ ಉಳಿದದ್ದು ಎರಡೇ ಮನೆ, ಅಣ್ಣತಮ್ಮಂದಿರ ಮಕ್ಕಳದು. ಉಳಿದ ಮೂರು ಕೇರಿಗಳಲ್ಲಿ ಇಪ್ಪತ್ತಿಪ್ಪತ್ತು ಮನೆ ಹಾಗೇ ಇದ್ದವು. ಕೇರಿ ಖಾಲಿಯಾಯಿತು, ಆದರೆ ಗಡಿಗೆಯಲ್ಲಿ ಕೇರಿಯ ಬಿಲ್ಲೆ ಹಾಗೇ ಉಳಿಯಿತು. ಅದನ್ನು ಯಾರೂ ಗಮನಿಸಲಿಲ್ಲ.

ಆ ಎರಡು ಮನೆಗಳಲ್ಲಿ ಒಂದಕ್ಕೆ ಒಬ್ಬ ಹೆಣ್ಣುಮಗಳು ಸೊಸೆಯಾಗಿ ಬಂದಳು. ಬಂದ ವರ್ಷವೇ ಬಿಲ್ಲೆ ಅವಳ ಗಂಡನ ಮೇಲೆ ಬಿತ್ತು. ಇಳಿದ, ಬಿರಡೆ ಎತ್ತಿದ, ಬಂದ. ಒಂದು ವರ್ಷ ಬಿಟ್ಟು ಮತ್ತೆ ಬಿತ್ತು. ಈ ಸಲ ಬರುವಾಗ ಕಿವಿಯಲ್ಲಿ ರಕ್ತ ಸುರಿಯುತ್ತಿತ್ತು. ಎಡಗಿವಿ ಆವತ್ತಿಗೇ ಹೋಯಿತು.

ಅಷ್ಟು ಸಾಕಾಯಿತು ಊರಿಗೆ! ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಬಾವಿಕಟ್ಟೆಯಲ್ಲಿ ಒಬ್ಬಳು ಅಂದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸಂಜೆಯೊಳಗೆ ನಾಲ್ಕು ಕೇರಿಯಲ್ಲೂ ಅದೇ ಮಾತು. ಅವಳ ಮಾವನೂ ಎರಡು ಸಲ ಇಳಿದಿದ್ದ, ಮಾವನ ತಮ್ಮನೂ ಇಳಿದಿದ್ದ. ಆಗ ಈ ಹುಡುಗಿ ಹುಟ್ಟಿಯೇ ಇರಲಿಲ್ಲ. ಅದು ಒಬ್ಬರಿಗಾದರೂ ನೆನಪಾಗಬೇಡವೇ? ಥೂ! ಅವಳು ಬಾವಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಅತ್ತೆ ಮೊದಮೊದಲು ಸುಮ್ಮನಿದ್ದಳು, ಆಮೇಲೆ ಅವಳೂ ಶುರು ಮಾಡಿದಳು. “ಈ ವರ್ಷವೂ ನನ್ನ ಮಗನ ಮೇಲೆ ಬಿದ್ದರೆ ನಿನ್ನನ್ನು ತವರಿಗೆ ಅಟ್ಟುತ್ತೇನೆ ನೋಡು” ಎಂದಳು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಆ ಹೆಣ್ಣುಮಗಳು ತವರಿಗೆ ಹೋಗಬೇಕಾದೀತು ಎಂದು ಅಳಲಿಲ್ಲ. ಗಂಡನ ಕಿವಿ ನೋಡಿ ಅತ್ತಳು. ಒಂದು ಕಿವಿ ಹೋದವನಿಗೆ ನೀರಿನೊಳಗೆ ಮೇಲು ಯಾವುದು ಕೆಳಗೆ ಯಾವುದು ಎಂದು ಗೊತ್ತಾಗುವುದು ಕಷ್ಟ. ಇನ್ನೊಂದು ಸಲ ಇಳಿದರೆ ಅವನು ಬರುವುದಿಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಅದೇ ಊರಿನಲ್ಲಿ ಒಬ್ಬ ಪಂಡಿತ ಇದ್ದ. ಗಣಿತದಲ್ಲಿ ಎತ್ತಿದ ಕೈ. ಗ್ರಹಣ ಎಷ್ಟು ಹೊತ್ತಿಗೆ ಹಿಡಿಯುತ್ತದೆ ಎಂದು ಕೇಳಲು ದೂರದ ಊರುಗಳಿಂದ ಜನ ಬರುತ್ತಿದ್ದರು. ಅವನು ಕಣ್ಣು ಮುಚ್ಚಿ, ಬೆರಳು ಮಡಿಸಿ, ಉತ್ತರ ಹೇಳಿಬಿಡುತ್ತಿದ್ದ. ಅದು ಒಮ್ಮೆಯೂ ತಪ್ಪಿದ್ದಿಲ್ಲ. ನಿನ್ನ ಹಾಗೇ.

ಬಿಲ್ಲೆ ಎತ್ತುವ ದಿನ ಹತ್ತಿರ ಬಂದಾಗ ಅವಳು ಪಂಡಿತನ ಅಂಗಳದಲ್ಲಿ ಹೋಗಿ ನಿಂತಳು.

“ಸ್ವಾಮೀ, ನನ್ನ ಕಾಲ್ಗುಣದಿಂದಲೇ ಬಿಲ್ಲೆ ನಮ್ಮ ಮನೆಗೆ ಬೀಳುತ್ತದಂತೆ. ನಿಜವೇ?”

ಪಂಡಿತ ಎಷ್ಟು ಕೇರಿ, ಎಷ್ಟು ಮನೆ ಎಂದು ಕೇಳಿಕೊಂಡ. ಕಣ್ಣು ಮುಚ್ಚಿದ, ತೆರೆದ. “ಕಾಲ್ಗುಣವೂ ಇಲ್ಲ, ಗೀಲ್ಗುಣವೂ ಇಲ್ಲ. ನಿನ್ನ ಮನೆಗೆ ಬೀಳುವ ಸಂಭವ ಎಂಟರಲ್ಲಿ ಒಂದು. ಮೇಲುಕೇರಿಯ ಮನೆಗೆ ಬೀಳುವುದು ಎಂಬತ್ತರಲ್ಲಿ ಒಂದು. ನಿನಗೆ ಅವರ ಹತ್ತರಷ್ಟು ಬೀಳುತ್ತದೆ. ಕಟ್ಟುಪಾಡೇ ಅನ್ಯಾಯದ್ದು” ಎಂದ.

ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಈ ಮಾತನ್ನು ಊರ ಮುಂದೆ ಹೇಳಬೇಕು ಎಂದು ಕಾಲು ಹಿಡಿದಳು. ಪಂಡಿತ ಆಗಲಿ ಎಂದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಬಿಲ್ಲೆ ಎತ್ತುವ ದಿನ ಊರೆಲ್ಲ ಅರಳಿಕಟ್ಟೆಯ ಹತ್ತಿರ ಸೇರಿತು. ಗಡಿಗೆ ತಂದಿಟ್ಟರು. ಆ ಗಡಿಗೆ ಮಾಡಿಕೊಟ್ಟವನೂ ಅವಳ ಗಂಡ ಆ ಕುಂಬಾರನೇ. ಪಂಡಿತ ಎದ್ದು ನಿಂತ. ಜನ ಗಪ್‌ಚುಪ್ಪಾದರು, ಯಾಕೆಂದರೆ ಅವನ ಮೇಲೆ ಎಲ್ಲರಿಗೂ ಗೌರವ.

“ಈ ಪದ್ಧತಿ ಸರಿಯಲ್ಲ. ಕುಂಬಾರರ ಮನೆಗೆ ಎಂಟರಲ್ಲಿ ಒಂದು, ನಿಮ್ಮ ಮನೆಗಳಿಗೆ ಎಂಬತ್ತರಲ್ಲಿ ಒಂದು. ಇದನ್ನು ಬದಲಾಯಿಸಬೇಕು” ಎಂದ.

ಊರಿನ ಯಜಮಾನ ಮೇಲುಕೇರಿಯವನು. ಅವನು ಎದ್ದು ಕೈ ಮುಗಿದು ಕೇಳಿದ: “ಅದು ಹೇಗೆ, ಪಂಡಿತರೇ?”

ಕೇಳು, ಶಂಭುಲಿಂಗ. ಆ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ಅವನಿಗೆ ನಿಜವಾಗಿ ಗೊತ್ತಾಗಲಿಲ್ಲ, ಅದಕ್ಕೇ ಕೇಳಿದ. ಸುತ್ತ ಕೂತ ಜನವೂ ಕತ್ತು ಚಾಚಿ ಕಾಯುತ್ತಿದ್ದರು. ಒಂದು ಕಡ್ಡಿ ಸಾಕಿತ್ತು. ಕೂತು, ಮಣ್ಣಿನ ಮೇಲೆ ನಾಲ್ಕು ಗೆರೆ ಎಳೆದಿದ್ದರೆ ಆಗುತ್ತಿತ್ತು.

ಪಂಡಿತನಿಗೆ ಅವಮಾನವಾಯಿತು! ತಾನು ಹೇಳಿದ ಮೇಲೂ ಹೇಗೆ ಎಂದು ಕೇಳುವುದೇ? ಗ್ರಹಣದ ಹೊತ್ತು ಹೇಳಿದಾಗ ಯಾರಾದರೂ ಹೇಗೆ ಎಂದು ಕೇಳಿದ್ದುಂಟೇ?

“ಹೇಗೆ ಎಂದು ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ. ಲೆಕ್ಕ ನಾನು ಮಾಡಿದ್ದೇನೆ. ನಂಬುವುದಾದರೆ ನಂಬಿ” ಎಂದ.

ಯಜಮಾನ ಗಡಿಗೆಗೆ ಕೈ ಹಾಕಿ ನಾಲ್ಕು ಬಿಲ್ಲೆಗಳನ್ನೂ ಹೊರಗೆ ತೆಗೆದ. ಅಂಗೈ ಮೇಲೆ ಸಾಲಾಗಿ ಇಟ್ಟುಕೊಂಡು ಕೂತವರ ಮುಂದೆ ಒಂದು ಸುತ್ತು ಬಂದ. “ನೋಡಿಕೊಳ್ಳಿ. ನಾಲ್ಕು ಕೇರಿ, ನಾಲ್ಕು ಬಿಲ್ಲೆ. ಯಾವ ಕೇರಿಗೂ ಹೆಚ್ಚಿಲ್ಲ, ಯಾವ ಕೇರಿಗೂ ಕಡಿಮೆಯಿಲ್ಲ. ಇದರಲ್ಲಿ ಅನ್ಯಾಯ ಎಲ್ಲಿದೆ, ಯಾರಾದರೂ ತೋರಿಸಿ” ಎಂದ.

ಜನ ಬಿಲ್ಲೆಗಳನ್ನು ನೋಡಿದರು. ನಾಲ್ಕೇ ಇದ್ದವು. ಅವು ಕಣ್ಣಿಗೆ ಕಾಣುತ್ತಿದ್ದವು. ಎಂಟರಲ್ಲಿ ಒಂದು, ಎಂಬತ್ತರಲ್ಲಿ ಒಂದು ಎನ್ನುವುದು ಎಲ್ಲಿ ಕಾಣುತ್ತಿತ್ತು? ಯಜಮಾನ ಲೆಕ್ಕದ ಮೊದಲ ಹೆಜ್ಜೆಯನ್ನಷ್ಟೇ ತೋರಿಸಿದ. ಅವನಿಗೆ ತಿಳಿದದ್ದು ಅಷ್ಟೇ. ಎರಡನೆಯ ಹೆಜ್ಜೆ ತಿಳಿದವನು ಶಾಲು ಸರಿಪಡಿಸಿಕೊಂಡು, ಮೂರ್ಖರ ಸಹವಾಸವೇ ಬೇಡ ಎಂದು ಮನೆಯ ದಾರಿ ಹಿಡಿದ. ಆ ಹೆಣ್ಣುಮಗಳು ಗುಂಪಿನ ಹಿಂದಿನಿಂದ ಅವನು ಹೋಗುವುದನ್ನೇ ನೋಡಿದಳು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಅವಳ ಪಾಲಿಗೆ ಆವತ್ತು ಹಾಗೇ ಆಯಿತು.

ಮಗು ಗಡಿಗೆಗೆ ಕೈ ಹಾಕಿತು. ಕುಂಬಾರ ಕೇರಿ ಬಂತು. ಎರಡು ಮನೆಯ ಎರಡು ಬಿಲ್ಲೆ ಹಾಕಿದರು. ಅವಳ ಮನೆ ಬಂತು.

ವಿಧಿ ಎಂದು ತಲೆ ಆಡಿಸಬೇಡ, ಶಂಭುಲಿಂಗ! ಎಂಟರಲ್ಲಿ ಒಂದು ಎಂದರೆ ಆಗಾಗ ಬಂದೇ ಬರುತ್ತದೆ. ಬರುವುದಕ್ಕೇ ಅದನ್ನು ಎಂಟರಲ್ಲಿ ಒಂದು ಎನ್ನುವುದು.

ಕುಂಬಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಬಿರಡೆ ಎದ್ದಿತು, ಕಾಲುವೆಗೆ ನೀರು ನುಗ್ಗಿತು, ಏರಿಯ ಮೇಲಿದ್ದವರು ಹೋ ಎಂದರು. ಹಗ್ಗ ಎಳೆದರು. ಅದು ಬಿಗಿದು ನಿಂತಿತು. ಕೆರೆಯ ನೀರು ಇಳಿಯುವವರೆಗೆ ಅವನ ಹೆಣವೂ ಸಿಗಲಿಲ್ಲ.

ಗಾಯದ ಮೇಲೆ ಬರೆ ಎಳೆದ ಹಾಗೆ ಊರು ಮತ್ತೆ ಅದನ್ನೇ ಆಡಿತು: ನೋಡಿದಿರಾ ಕಾಲ್ಗುಣ! ಅತ್ತೆ ಅವಳ ಸೀರೆಗಳನ್ನು ಗಂಟು ಕಟ್ಟಿ ಹೊಸ್ತಿಲ ಹೊರಗೆ ಇಟ್ಟಳು. ಅವಳು ಆ ಗಂಟನ್ನು ಮುಟ್ಟಲಿಲ್ಲ. ನೇರವಾಗಿ ಪಂಡಿತನ ಅಂಗಳಕ್ಕೆ ಹೋದಳು.

ಪಂಡಿತ ಅವಳನ್ನು ಕಂಡು ನಿಟ್ಟುಸಿರು ಬಿಟ್ಟ. “ನಾನು ಹೇಳಿದೆ ತಾಯಿ, ಅವರು ಕೇಳಲಿಲ್ಲ” ಎಂದ.

“ಅದು ಹೇಗೆ ಅಂತ ನನಗೆ ಹೇಳಿ” ಎಂದಳು ಅವಳು.

ಅವಳ ಮುಖ ನೋಡಿ ಅವನಿಗೆ ಇಲ್ಲ ಎನ್ನಲು ಆಗಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನ ಮೇಲೆ ರೊಟ್ಟಿಯಷ್ಟು ಅಗಲದ ಒಂದು ದುಂಡು ಬರೆದ. “ಇದು ಇಡೀ ಊರಿನ ಹೊರೆ” ಎಂದ. ನಡುವೆ ಎರಡು ಗೆರೆ ಎಳೆದು ಅದನ್ನು ನಾಲ್ಕು ಭಾಗ ಮಾಡಿದ. “ಮೊದಲನೆಯ ಸಲ ಕೈ ಹಾಕಿದಾಗ ಕೇರಿಗೊಂದು ಕಾಲುಭಾಗ. ಇಲ್ಲಿಯವರೆಗೆ ಯಜಮಾನ ಹೇಳಿದ್ದು ಸರಿ” ಎಂದ. ಆಮೇಲೆ ಮೇಲುಕೇರಿಯ ಕಾಲುಭಾಗವನ್ನು ಇಪ್ಪತ್ತು ಸಣ್ಣ ಸೀಳಾಗಿ ಗೀರಿದ. “ಈ ಕಾಲುಭಾಗವನ್ನು ಇಪ್ಪತ್ತು ಮನೆ ಹಂಚಿಕೊಳ್ಳುತ್ತವೆ. ಒಂದು ಮನೆಗೆ ಬರುವುದು ಕಾಲಿನಲ್ಲಿ ಇಪ್ಪತ್ತನೆಯ ಒಂದು ಪಾಲು. ನಾಲ್ಕು ಇಪ್ಪತ್ತಲಿ ಎಂಬತ್ತು. ಆದ್ದರಿಂದ ಎಂಬತ್ತರಲ್ಲಿ ಒಂದು. ನಡುಕೇರಿ, ಕೆಳಕೇರಿಗೂ ಹಾಗೇ” ಎಂದ. ಕೊನೆಗೆ ಕುಂಬಾರ ಕೇರಿಯ ಕಾಲುಭಾಗಕ್ಕೆ ಕಡ್ಡಿ ತಂದ.

ಕಡ್ಡಿ ಊರುವ ಮೊದಲೇ ಅವಳು ಬಗ್ಗಿ, ತನ್ನ ಬೆರಳಿನಿಂದ ಅಲ್ಲಿ ಒಂದು ಗೆರೆ ಎಳೆದಳು. ಒಂದೇ ಗೆರೆ. ಎರಡು ದಪ್ಪ ಹೋಳುಗಳಾದವು. ಪಕ್ಕದ ಕಾಲುಭಾಗದ ಸೀಳುಗಳು ಹುಲ್ಲುಕಡ್ಡಿಯಷ್ಟು ಸಣ್ಣ.

“ನಾಲ್ಕೆರಡಲಿ ಎಂಟು” ಎಂದಳು.

“ಹೌದು. ಎಂಟರಲ್ಲಿ ಒಂದು.”

“ಇಷ್ಟೇನಾ?”

“ಇಷ್ಟೇ. ಸರಿಯೋ ತಪ್ಪೋ ನೋಡಬೇಕಾದರೆ ಎಲ್ಲ ಹೋಳುಗಳನ್ನೂ ಕೂಡಿಸು. ಅರವತ್ತು ಮನೆಯ ಅರವತ್ತು ಸೀಳು ಸೇರಿದರೆ ಮುಕ್ಕಾಲು. ನಿಮ್ಮ ಎರಡು ಮನೆಯದು ಕಾಲು. ಸೇರಿ ಒಂದು ಪೂರ್ತಿ.”

ಅವಳು ಆ ದುಂಡನ್ನು ನೋಡುತ್ತಾ ಕೂತಳು. ಆಮೇಲೆ ಕೇಳಿದಳು: “ಇದನ್ನು ಅರಳಿಕಟ್ಟೆಯ ಹತ್ತಿರ ಬರೆಯಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಸ್ವಾಮಿ?”

ಪಂಡಿತ ಮೆಲ್ಲಗೆ ಹೇಳಿದ: “ಅವರಿಗೆ ಅರ್ಥವಾಗುತ್ತಿರಲಿಲ್ಲ, ತಾಯಿ.”

“ನನಗೆ ಅರ್ಥವಾಯಿತಲ್ಲ!”

ಅವಳು ಅಷ್ಟು ಜೋರಾಗಿ ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ. ಅವಳು ಎದ್ದು ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವಳು ಅರಳಿಕಟ್ಟೆಯ ಮುಂದೆ ಅದೇ ದುಂಡನ್ನು ಬರೆದಳು. ಜನ ಮೊದಲು ತುಳಿದುಕೊಂಡೇ ಹೋದರು. ಅವಳು ಮತ್ತೆ ಬರೆದಳು. ಗಂಡ ಸತ್ತು ತಿಂಗಳಾಗಿಲ್ಲ, ಬೀದಿಯಲ್ಲಿ ಕೂತಿದ್ದಾಳೆ, ಹುಚ್ಚು ಹಿಡಿದಿದೆ ಎಂದರು. ಅನ್ನಲಿ ಎಂದು ಅವಳು ಬರೆಯುತ್ತಲೇ ಇದ್ದಳು. ಬಾವಿಕಟ್ಟೆಯಲ್ಲಿ ಕಾಲ್ಗುಣದ ಮಾತು ತೆಗೆದ ಹೆಂಗಸೇ ಒಂದು ದಿನ ಕೊಡ ಇಳಿಸಿ, ಇದೇನೇ ಇದು ಎಂದು ಕೇಳಿದಳು. ಇವಳು ಒಂದೊಂದೇ ಗೆರೆ ಎಳೆದು ಹೇಳಿದಳು. ಆ ಹೆಂಗಸು ಕೊಡ ಅಲ್ಲೇ ಬಿಟ್ಟು ಗಂಡನನ್ನು ಕರೆತಂದಳು.

ಕೊನೆಗೆ ಯಜಮಾನನೂ ಬಂದ. ಕುಕ್ಕರಗಾಲಲ್ಲಿ ಕೂತು ಮೇಲುಕೇರಿಯ ಸೀಳುಗಳನ್ನು ಬೆರಳಿಟ್ಟು ಎಣಿಸಿದ. ತನ್ನ ಮನೆಯ ಸೀಳನ್ನು ನೋಡಿದ, ಅವಳ ಮನೆಯ ಹೋಳನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು. ಎದ್ದು ನಿಂತ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದ.

ಮುಂದಿನ ವರ್ಷದಿಂದ ಒಂದೇ ಗಡಿಗೆ, ಗಂಡಸಿದ್ದ ಮನೆಗೊಂದರಂತೆ ಅರವತ್ತೊಂದು ಬಿಲ್ಲೆ. ಕೇರಿಯ ಬಿಲ್ಲೆ ಎತ್ತುವುದನ್ನು ಬಿಟ್ಟೇಬಿಟ್ಟರು. ಅದನ್ನು ಹೀಗೆ ಬದಲಿಸಿ ಎಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ದುಂಡನ್ನು ನೋಡಿ ಅವರೇ ಮಾಡಿಕೊಂಡರು. ಅತ್ತೆ ಆ ಸೀರೆಯ ಗಂಟನ್ನು ತಾನೇ ಒಳಗೆ ತಂದು ಬಿಚ್ಚಿದಳು. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಉಳಿದಿದ್ದದ್ದು ಇಬ್ಬರು ಹೆಂಗಸರು ಮಾತ್ರ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅವರ ಧ್ವನಿ ಏರಿತ್ತು, ಉಸಿರು ಸ್ವಲ್ಪ ಬಿರುಸಾಗಿತ್ತು.

ಶಂಭುಲಿಂಗ ಸ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡ. ಅವನೂ ಸುಲಭಕ್ಕೆ ಬಿಡುವವನಲ್ಲ.

“ಆದರೂ ಗುರುಗಳೇ, ಪಂಡಿತ ಸುಳ್ಳು ಹೇಳಲಿಲ್ಲವಲ್ಲ. ಕುಂಬಾರ ಸತ್ತಿದ್ದು ಯಜಮಾನನ ತಪ್ಪಿನಿಂದ. ನಾಲ್ಕು ಬಿಲ್ಲೆ ತೋರಿಸಿ ಊರಿನವರ ದಾರಿ ತಪ್ಪಿಸಿದವನು ಅವನು.”

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

“ಯಜಮಾನನಿಗೆ ಲೆಕ್ಕ ಬರುತ್ತಿರಲಿಲ್ಲ ಕಣಯ್ಯಾ; ಆ ಊರಿನಲ್ಲಿ ಅದು ಬರುತ್ತಿದ್ದವನು ಒಬ್ಬನೇ.”